ಸಿಲಿಂಡರಿನಲ್ಲಿ ಸೆರೆಯಾದ ಗಾಳಿ

ಆಗದ ಕೆಲಸಕ್ಕೆ ಕೈಹಾಕಿದವರನ್ನು ಕಂಡಾಗ ‘ಗಾಳಿ ಗುದ್ದಿ ಮೈ ನೋಯಿಸಿಕೊಂಡರು’ ಎಂದು ನಾವು ಆಡಿಕೊಳ್ಳುವುದುಂಟು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೆಲವರು ನಿಜವಾಗಿಯೂ ಗಾಳಿಯನ್ನು ಗುದ್ದಿದರು. ಗುದ್ದಿ, ಅದುಮಿ, ಅದನ್ನು ನೀರಿನಂತೆ ದ್ರವವಾಗಿಸಿದರು. ಕೊನೆಗೆ ಉಕ್ಕಿನ ಬುಡ್ಡಿಯೊಳಗೆ ತುಂಬಿ ಬಾಯಿ ಬಿಗಿದರು. ಈ ಕೆಲಸದಲ್ಲಿ ಮೈ ನೋಯಿಸಿಕೊಂಡವರೂ ಉಂಟು, ಪ್ರಾಣವನ್ನೇ ಕಳೆದುಕೊಂಡವರೂ ಉಂಟು. ಇಂದು ಸಿಲಿಂಡರಿನ ಮೇಲೆ ಅಚ್ಚಾಗಿರುವ ನಾಲ್ಕಾರು ಅಂಕೆಗಳು, ಅದರ ಕತ್ತಿಗೆ ಅಂಟಿಸಿದ ಎಚ್ಚರಿಕೆಯ ಚೀಟಿ, ಗೋಡೆಗೆ ಅದನ್ನು ಬಿಗಿದ ಸರಪಳಿ ಇವೆಲ್ಲ ನಮಗೆ ಸರಕಾರಿ ಕಟ್ಟಳೆಗಳಂತೆ ನೀರಸವಾಗಿ ತೋರುತ್ತವೆ. ಅವುಗಳ ಹಿಂದಿನ ಚರಿತ್ರೆ ತಿಳಿದರೆ ಹಾಗೆ ತೋರಲಾರದು.

ಈ ಚರಿತ್ರೆಯನ್ನು ಹೇಳಲು ಒಂದೇ ಒಂದು ಅನಿಲವನ್ನು, ಅದರ ಒಂದೇ ಒಂದು ಉಪಯೋಗವನ್ನು ಆರಿಸಿಕೊಂಡಿದ್ದೇನೆ. ಅನಿಲ ಇಂಗಾಲದ ಡೈ ಆಕ್ಸೈಡ್. ಹಳೆಯ ಪಠ್ಯಪುಸ್ತಕಗಳ ಮಾತಿನಲ್ಲಿ ಇಂಗಾಲಾಮ್ಲ ವಾಯು. ಉಪಯೋಗ, ಪಶ್ಚಿಮ ದೇಶಗಳಲ್ಲಿ ಹವ್ಯಾಸವಾಗಿ ಬೆಳೆದಿರುವ ಮನೆಯ ಬಿಯರ್ ತಯಾರಿಕೆ. ಸಂಘದ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ ಎಂದು ಹುಬ್ಬೇರಿಸುವ ಹಿರಿಯರು ಸ್ವಲ್ಪ ತಾಳ್ಮೆ ವಹಿಸಬೇಕು. ನಾವು ಬೇಸಗೆಯಲ್ಲಿ ಕುಡಿಯುವ ಗೋಲಿ ಸೋಡಾ ಹುಟ್ಟಿದ್ದೂ ಬಿಯರಿನ ತೊಟ್ಟಿಯ ಬಳಿಯಲ್ಲಿಯೇ.

ಬಿಯರ್ ಕಾರ್ಖಾನೆಯ ನೆರೆಮನೆ

1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಬಂದು ನೆಲಸಿದ. ಅವನ ಮನೆಯ ಪಕ್ಕದಲ್ಲಿ ಒಂದು ಬಿಯರ್ ಕಾರ್ಖಾನೆ ಇತ್ತು. ಬಾರ್ಲಿಯ ರಸ ಹುದುಗುತ್ತಿರುವ ದೊಡ್ಡ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ಸದಾ ಕವಿದಿರುವುದನ್ನು ಅವನು ಗಮನಿಸಿದ. ರಾತ್ರಿ ನೆನೆಸಿಟ್ಟು ರುಬ್ಬಿದ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ನಿಲ್ಲುವುದು ಯಾವ ಗಾಳಿಯಿಂದಲೋ ಅದೇ ಗಾಳಿ ಇದು. ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ಥಟ್ಟನೆ ಆರಿಹೋಗುತ್ತಿತ್ತು. ಆರಿದ ಕಡ್ಡಿಯ ಹೊಗೆ ಮೇಲೇರದೆ ಆ ಗಾಳಿಯಲ್ಲಿಯೇ ತೇಲುತ್ತ, ತೊಟ್ಟಿಯ ಅಂಚನ್ನು ದಾಟಿ ನೆಲದ ಕಡೆಗೆ ಇಳಿಯುತ್ತಿತ್ತು. ಅಂದರೆ ಈ ಗಾಳಿ ಸಾಮಾನ್ಯ ಗಾಳಿಗಿಂತ ಭಾರವಾದದ್ದು. ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹೋಗುವಂಥದ್ದು. ಈ ಒಂದು ಗುಣವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಸುಣ್ಣದ ಕಲ್ಲಿನಿಂದ ಬಿಡಿಸಿ 1756ರಲ್ಲಿಯೇ ವಿವರಿಸಿದ್ದ. ಪ್ರೀಸ್ಟ್ಲಿ ಒಂದು ಹೆಜ್ಜೆ ಮುಂದೆ ಹೋದ. ತೊಟ್ಟಿಯ ಮೇಲೆ ಎರಡು ಪಾತ್ರೆಗಳನ್ನು ಹಿಡಿದು, ನೀರನ್ನು ಒಂದರಿಂದ ಇನ್ನೊಂದಕ್ಕೆ ನಾವು ಕಾಫಿಯನ್ನು ಎತ್ತಿ ಹೊಯ್ಯುವ ಹಾಗೆ ಹೊಯ್ದ. ನೀರು ಆ ಗಾಳಿಯನ್ನು ಹೀರಿಕೊಂಡು ಹಿತವಾದ ಹುಳಿಯ ರುಚಿ ಪಡೆಯಿತು. 1772ರಲ್ಲಿ ಈ ವಿಧಾನವನ್ನು ವಿವರಿಸುವ ಕಿರುಹೊತ್ತಗೆಯನ್ನು ಅವನು ಪ್ರಕಟಿಸಿದ. 1783ರಲ್ಲಿ ಜಿನೀವಾದಲ್ಲಿ ಯಾಕೋಬ್ ಶ್ವೆಪ್ ಸೋಡಾ ವ್ಯಾಪಾರ ಆರಂಭಿಸಿದ. ಮುಂದೆ ಅದನ್ನು ಲಂಡನ್ನಿಗೂ ಒಯ್ದ. 1870ರ ದಶಕದ ಆರಂಭದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಕತ್ತಿನಲ್ಲಿ ಗಾಜಿನ ಗೋಲಿಯುಳ್ಳ ಬಾಟಲಿಗೆ ಪೇಟೆಂಟ್ ಪಡೆದ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿಹಿಡಿಯುವ ಆ ಬಾಟಲಿ ನಮ್ಮ ಊರೂರಿನ ಸಂತೆಗಳಿಗೂ ಬಂದು ಗೋಲಿ ಸೋಡಾ ಎನಿಸಿಕೊಂಡಿತು. ಸೋಡಾ ಬಾಟಲಿ ಸಿಡಿಯುವುದನ್ನು ಕಂಡು ಕೇಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಒತ್ತಡಕ್ಕೆ ಸಿಕ್ಕ ಗಾಳಿಯ ಸಿಟ್ಟಿನ ಮೊದಲ ಪಾಠ ಜನಸಾಮಾನ್ಯರಿಗೆ ಆದದ್ದು ಹೀಗೆ.

ಗಾಳಿ ನೀರಾದಾಗ

ಸೋಡಾ ಬಾಟಲಿಯ ಒತ್ತಡ ಏನೂ ಅಲ್ಲ ಎನ್ನುವಂಥ ಒತ್ತಡವನ್ನು ವಿಜ್ಞಾನಿಗಳು ಎದುರಿಸಬೇಕಾಗಿತ್ತು. 1823ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಬಾಗಿದ ಗಾಜಿನ ಕೊಳವೆಗಳಲ್ಲಿ ಅನಿಲಗಳನ್ನು ಹುಟ್ಟಿಸಿ, ಅವು ತಮ್ಮ ಒತ್ತಡದಿಂದಲೇ ದ್ರವವಾಗುವಂತೆ ಮಾಡಿದ. ಕ್ಲೋರಿನ್ ದ್ರವವಾಯಿತು, ಇಂಗಾಲದ ಡೈ ಆಕ್ಸೈಡೂ ದ್ರವವಾಯಿತು. ಕೊಳವೆಗಳು ಒಡೆದು ಗಾಜಿನ ಚೂರುಗಳು ಅವನ ಕಣ್ಣಿಗೆ ಹೊಕ್ಕವು. ಅದೃಷ್ಟವಶಾತ್ ದೃಷ್ಟಿ ಉಳಿಯಿತು. ವಿದ್ಯುತ್ತಿನ ಚರಿತ್ರೆಯಲ್ಲಿ ಅವನ ಮಹತ್ಕಾರ್ಯಗಳಲ್ಲಿ ಹೆಚ್ಚಿನವು ಇನ್ನೂ ಮುಂದಿದ್ದವು ಎಂಬುದನ್ನು ನೆನೆದರೆ, ಆ ಚೂರುಗಳು ಇನ್ನಷ್ಟು ಆಳಕ್ಕೆ ಇಳಿದಿದ್ದರೆ ಏನಾಗುತ್ತಿತ್ತು ಎಂದು ಮನಸ್ಸು ಕಳವಳಗೊಳ್ಳುತ್ತದೆ.

ಗಾಜಿನ ಬದಲು ಕಬ್ಬಿಣವನ್ನು ಬಳಸಿದವನು ಪ್ಯಾರಿಸ್ಸಿನ ತಿಲೋರಿಯೆ. ಎರಕದ ಕಬ್ಬಿಣದ ದಪ್ಪ ಪಾತ್ರೆಯಲ್ಲಿ ಸೋಡಾ ಪುಡಿಯನ್ನೂ ಗಂಧಕಾಮ್ಲವನ್ನೂ ಬೆರೆಸಿ ಅವನು ಲೀಟರುಗಟ್ಟಲೆ ದ್ರವವನ್ನು ತಯಾರಿಸಿದ. 1835ರಲ್ಲಿ ಆ ದ್ರವವನ್ನು ಹೊರಬಿಟ್ಟಾಗ ಅದರ ಒಂದು ಪಾಲು ಹೆಪ್ಪುಗಟ್ಟಿ ಬಿಳಿಯ ಹಿಮವಾದದ್ದನ್ನು ಕಂಡ. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ತಣ್ಪು ಅದು. ಇಂದು ನಾವು ಡ್ರೈ ಐಸ್ ಎಂದು ಕರೆಯುವ ಪದಾರ್ಥ. ಯುರೋಪಿನ ಕಾಲೇಜುಗಳಲ್ಲಿ ಈ ಪ್ರದರ್ಶನ ಜನಪ್ರಿಯವಾಯಿತು.

1840ರ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಔಷಧ ವಿದ್ಯಾಶಾಲೆಯಲ್ಲಿ ಇಂಥದೊಂದು ಪ್ರಯೋಗವನ್ನು ಸಿದ್ಧಪಡಿಸುತ್ತಿದ್ದ ಓಸ್ಮಾನ್ ಹೆರ್ವಿ ಎಂಬ ಸಹಾಯಕನ ಮುಂದೆಯೇ ಆ ಎರಕದ ಪಾತ್ರೆ ಸಿಡಿಯಿತು. ಅವನ ಕಾಲುಗಳಿಗೆ ಭೀಕರವಾದ ಗಾಯಗಳಾದವು; ಅವನು ಬದುಕಲಿಲ್ಲ. ಎರಕದ ಕಬ್ಬಿಣದ ಸ್ವಭಾವವೇ ಹಾಗೆ. ಅದು ಬಾಗುವುದಿಲ್ಲ, ಉಬ್ಬುವುದಿಲ್ಲ, ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹತ್ತು ಸಲ ತಡೆದ ಒತ್ತಡಕ್ಕೆ ಹನ್ನೊಂದನೆಯ ಸಲ ಚೂರುಚೂರಾಗುತ್ತದೆ. ಹೆರ್ವಿಯ ಸಾವಿನ ಬಳಿಕ ಎರಕದ ಪಾತ್ರೆಗಳನ್ನು ಕೈಬಿಟ್ಟು, ಬಡಿದು ಮಾಡಿದ ಮೆತು ಕಬ್ಬಿಣದ ಪಾತ್ರೆಗಳ ಕಡೆಗೆ ಹೊರಳಿದರು. ನೆತ್ತರಿನಲ್ಲಿ ಬರೆದ ಮೊದಲ ನಿಯಮ ಇದು: ಪಾತ್ರೆಯ ಗೋಡೆ ದಪ್ಪವಾಗಿದ್ದರೆ ಸಾಲದು, ಲೋಹ ಬಿರುಸಾಗಿರಬಾರದು.

ಮೂವತ್ತೊಂದು ಡಿಗ್ರಿಯ ಗಡಿ

ಎರಡನೆಯ ನಿಯಮ ಪ್ರಯೋಗಶಾಲೆಯ ತಾಳ್ಮೆಯಿಂದ ಬಂದದ್ದು. ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ ವರ್ಷಗಟ್ಟಲೆ ಇದೇ ಅನಿಲವನ್ನು ಅದುಮಿ, ಬಿಸಿಮಾಡಿ, ತಣಿಸಿ ನೋಡಿದ. ಸುಮಾರು 31 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೆ ಎಷ್ಟೇ ಅದುಮಿದರೂ ಅದು ದ್ರವವಾಗದು ಎಂದು 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ. ಬೆಲ್‌ಫಾಸ್ಟಿನ ಚಳಿಯಲ್ಲಿ 31 ಡಿಗ್ರಿ ಎಂದರೆ ದೂರದ ಮಾತು. ಮುಂಬಯಿ, ಮದರಾಸು, ಹೈದರಾಬಾದುಗಳಲ್ಲಿ ಬಾಳುವ ನಮಗೆ ಅದು ದಿನನಿತ್ಯದ ಮಾತು.

ಇದರ ಪರಿಣಾಮವೇನು? ಸಿಲಿಂಡರಿನಲ್ಲಿ ಕೆಳಗೆ ದ್ರವವೂ ಮೇಲೆ ಅನಿಲವೂ ಇರುವಷ್ಟು ಕಾಲ ಒಳಗಿನ ಒತ್ತಡ ಉಷ್ಣತೆಯನ್ನು ಅವಲಂಬಿಸಿರುತ್ತದೆಯೇ ಹೊರತು ಎಷ್ಟು ತುಂಬಿದೆ ಎಂಬುದನ್ನಲ್ಲ. 20 ಡಿಗ್ರಿಯಲ್ಲಿ ಅದು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 57 ಪಟ್ಟು. ಬಿಸಿಯೇರಿದಂತೆ ದ್ರವ ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ ಸಿಲಿಂಡರನ್ನು ಪೂರ್ತಿ ತುಂಬಿದರೆ ಅಲ್ಲಿಂದ ಮುಂದೆ ಒತ್ತಡ ಕುದುರೆಯಂತೆ ಓಡುತ್ತದೆ. ಆದ್ದರಿಂದಲೇ ಇಂಥ ಸಿಲಿಂಡರನ್ನು ಎಂದೂ ಕಂಠಪೂರ್ತಿ ತುಂಬುವುದಿಲ್ಲ. ಅಮೆರಿಕದ ನಿಯಮದಂತೆ, 100 ಪೌಂಡು ನೀರು ಹಿಡಿಸುವ ಸಿಲಿಂಡರಿಗೆ 68 ಪೌಂಡಿಗಿಂತ ಹೆಚ್ಚು ಇಂಗಾಲದ ಡೈ ಆಕ್ಸೈಡ್ ತುಂಬುವಂತಿಲ್ಲ. ಹಾಗೆ ಮಿತಿಯಲ್ಲಿ ತುಂಬಿದ್ದು ಕೂಡ 50 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ 140 ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ಆಗುವುದು ಅಪರೂಪವಲ್ಲ. ‘ಬಿಸಿಲಿನಲ್ಲಿಡಬೇಡಿ, ಕಾರಿನಲ್ಲಿ ಬಿಟ್ಟುಹೋಗಬೇಡಿ’ ಎಂಬ ಸೂಚನೆಯ ಹಿಂದೆ ಇರುವುದು ಆಂಡ್ರೂಸ್‌ನ ಈ ಸಂಶೋಧನೆ.

ಬಿಯರಿನತ್ತ ಮರಳಿ

ಸುಮಾರು 1880ರ ವೇಳೆಗೆ ಜರ್ಮನಿಯಲ್ಲಿ ದ್ರವ ಇಂಗಾಲದ ಡೈ ಆಕ್ಸೈಡ್ ವ್ಯಾಪಾರದ ಸರಕಾಯಿತು. ಅದನ್ನು ಹೀಗೆ ಕೆಲಸಕ್ಕೆ ಹಚ್ಚಿದವರಲ್ಲಿ ಹ್ಯಾನೋವರಿನ ವಿಲ್ಹೆಲ್ಮ್ ರಾಯ್ಟ್ ಪ್ರಮುಖ. ಅದರ ಗಿರಾಕಿಗಳಲ್ಲಿ ಬಿಯರ್ ಅಂಗಡಿಗಳವರು ಮುಖ್ಯರಾದರು. ಪಂಪಿನಿಂದ ಗಾಳಿ ಹೊಡೆದು ಪೀಪಾಯಿಯ ಬಿಯರನ್ನು ಮೇಲೆತ್ತಿದರೆ ಅದು ಬೇಗ ಕೆಡುತ್ತಿತ್ತು. ಬಿಯರಿನದೇ ಅನಿಲದಿಂದ ತಳ್ಳಿದರೆ ಕೆಡುತ್ತಿರಲಿಲ್ಲ. ಹೀಗೆ ಲೀಡ್ಸಿನ ತೊಟ್ಟಿಯಿಂದ ಹೊರಟ ಗಾಳಿ ಲೋಹದ ಅಂಗಿ ತೊಟ್ಟು ಬಿಯರಿನ ಬಳಿಗೇ ಮರಳಿತು.

ಆ ಅಂಗಿಗೆ ಹೊಲಿಗೆ ಇರಬಾರದು ಎಂಬುದು ಮುಂದಿನ ಪಾಠ. ತಗಡನ್ನು ಸುತ್ತಿ ಬೆಸೆದ ಸಿಲಿಂಡರುಗಳಲ್ಲಿ ಬೆಸುಗೆಯೇ ದುರ್ಬಲ ಜಾಗ. 1885ರ ಸುಮಾರಿಗೆ ಜರ್ಮನಿಯ ರೆಮ್‌ಶೈಡಿನಲ್ಲಿ ರೈನ್‌ಹಾರ್ಡ್ ಮತ್ತು ಮ್ಯಾಕ್ಸ್ ಮ್ಯಾನೆಸ್‌ಮನ್ ಸೋದರರು ಕಾದ ಉಕ್ಕಿನ ದಿಂಡನ್ನು ಉರುಳೆಗಳ ನಡುವೆ ತಿರುಗಿಸಿ, ಬೆಸುಗೆಯೇ ಇಲ್ಲದ ಕೊಳವೆಯನ್ನು ತೆಗೆಯುವ ವಿಧಾನವನ್ನು ಕಂಡುಹಿಡಿದರು. ಆದರೂ ಸ್ಫೋಟಗಳು ನಿಲ್ಲಲಿಲ್ಲ. 1895ರಲ್ಲಿ ಬ್ರಿಟನ್ನಿನ ಗೃಹ ಖಾತೆ ಸಿಲಿಂಡರುಗಳ ಸುರಕ್ಷತೆಯನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ಅದರ ವರದಿ ಬಂದಿತು. ಯಾವ ಉಕ್ಕು, ಗೋಡೆ ಎಷ್ಟು ದಪ್ಪ, ಎಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಎಂಬುದೆಲ್ಲ ಕ್ರಮೇಣ ಬರಹಕ್ಕಿಳಿಯಿತು. ಉರಿಯುವ ಅನಿಲಗಳ ಜೋಡಣೆಗೆ ಎಡಕ್ಕೆ ತಿರುಗುವ ಮರೆ, ಉಳಿದವಕ್ಕೆ ಬಲಕ್ಕೆ ತಿರುಗುವ ಮರೆ ಎಂಬ ಜಾಣತನದ ಏರ್ಪಾಡೂ ರೂಢಿಗೆ ಬಂದಿತು. ಮನುಷ್ಯ ಮರೆತರೂ ಕಬ್ಬಿಣ ಮರೆಯಬಾರದು ಎಂಬುದು ಇದರ ತಾತ್ಪರ್ಯ.

ನಮ್ಮ ದೇಶದಲ್ಲಿ 1884ರ ಸ್ಫೋಟಕಗಳ ಕಾಯಿದೆಯ ಅಡಿಯಲ್ಲಿ, ಲೋಹದ ಪಾತ್ರೆಯಲ್ಲಿ ಅದುಮಿ ತುಂಬಿದ ಅನಿಲವನ್ನೂ ಸ್ಫೋಟಕವೆಂದೇ ಎಣಿಸುವ ಅಧಿಸೂಚನೆ 1938ರಲ್ಲಿ ಹೊರಟಿತು. 1940ರಲ್ಲಿ ಗ್ಯಾಸ್ ಸಿಲಿಂಡರ್ ನಿಯಮಗಳು ಬಂದವು. 1981, 2004 ಮತ್ತು 2016ರಲ್ಲಿ ಅವುಗಳನ್ನು ಹೊಸದಾಗಿ ರಚಿಸಲಾಯಿತು. ಇವನ್ನು ಜಾರಿಗೊಳಿಸುವ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಅಡಿಗೆಮನೆಯ ಸಿಲಿಂಡರಿನಿಂದ ಹಿಡಿದು ಆಸ್ಪತ್ರೆಯ ಆಮ್ಲಜನಕದವರೆಗೆ ಎಲ್ಲವೂ ಈ ನಿಯಮಗಳಿಗೆ ಒಳಪಟ್ಟಿವೆ.

ಕಾರ್ಖಾನೆಯಿಂದ ಮನೆಗೆ

ಇಷ್ಟು ದಿನ ಸಿಲಿಂಡರು ಪಳಗಿದವರ ಕೈಯಲ್ಲಿತ್ತು. ಅದು ಹವ್ಯಾಸಿಗಳ ಮನೆ ಹೊಕ್ಕದ್ದು ಕಾನೂನು ಸಡಿಲವಾದ ಮೇಲೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡಲು 1880ರಿಂದ ಇದ್ದ ಲೈಸೆನ್ಸಿನ ಕಟ್ಟು 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಪಾನನಿರೋಧ 1933ರಲ್ಲಿ ಮುಗಿದರೂ, ಮನೆಯಲ್ಲಿ ವೈನ್ ಮಾಡಿಕೊಳ್ಳಲು ಇದ್ದ ಅವಕಾಶ ಬಿಯರಿಗೆ ಇರಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಆ ಬಾಗಿಲನ್ನು ತೆರೆಯಿತು. ಆದರೂ ಕೆಲವು ರಾಜ್ಯಗಳು ತಮ್ಮ ನಿಷೇಧವನ್ನು ಉಳಿಸಿಕೊಂಡಿದ್ದವು. ಅಲಬಾಮ ಮತ್ತು ಮಿಸಿಸಿಪ್ಪಿ ಅದನ್ನು ಬಿಟ್ಟದ್ದು 2013ರಲ್ಲಿ.

ಮೊದಮೊದಲು ಹವ್ಯಾಸಿಗಳು ಬಿಯರನ್ನು ಬಾಟಲಿಗಳಲ್ಲಿ ತುಂಬಿ, ಚಿಟಿಕೆ ಸಕ್ಕರೆ ಹಾಕಿ ಮುಚ್ಚಳ ಬಿಗಿಯುತ್ತಿದ್ದರು. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತಿತ್ತು. ಮುಂದೆ ಪೆಪ್ಸಿ, ಕೋಕಕೋಲಾ ಮೊದಲಾದ ಪಾನೀಯಗಳಿಗಾಗಿ ಬಳಸುತ್ತಿದ್ದ, ಐದು ಗ್ಯಾಲನ್ ಅಂದರೆ ಸುಮಾರು 19 ಲೀಟರು ಹಿಡಿಸುವ ತುಕ್ಕು ಹಿಡಿಯದ ಉಕ್ಕಿನ ಪೀಪಾಯಿಗಳು ಹಳೆಯ ಸಾಮಾನಾಗಿ ಅಗ್ಗಕ್ಕೆ ದೊರೆತವು. ಆ ಪಾನೀಯಗಳು ಪ್ಲಾಸ್ಟಿಕ್ ಚೀಲಗಳಿಗೆ ವರ್ಗವಾದದ್ದೇ ಇದಕ್ಕೆ ಕಾರಣ. ಬಿಯರಿನಿಂದ ಹುಟ್ಟಿದ ಸೋಡಾ ತನ್ನ ಹಳೆಯ ಅಂಗಿಯನ್ನು ಬಿಯರಿಗೇ ದಾನಮಾಡಿತೆನ್ನಬೇಕು. ಪೀಪಾಯಿ ಬಂದೊಡನೆ ಅದಕ್ಕೆ ಅನಿಲ ಊಡಲು ಸಿಲಿಂಡರೂ ಬೇಕಾಯಿತು. ಅಮೆರಿಕದಲ್ಲಿ ನೆಲಸಿರುವ ನಮ್ಮ ಮಕ್ಕಳ ನೆರೆಹೊರೆಯಲ್ಲೂ ಇದನ್ನು ಕಾಣಬಹುದು.

ಹವ್ಯಾಸಿಯ ಕಣ್ಣಿಗೆ ಕಾಣುವ ಒತ್ತಡ ಅಲ್ಪ. ರೆಗ್ಯುಲೇಟರಿನಿಂದ ಇಳಿದು ಪೀಪಾಯಿಗೆ ಹೋಗುವಾಗ ಅದು ಚದರ ಅಂಗುಲಕ್ಕೆ ಹತ್ತು ಹನ್ನೆರಡು ಪೌಂಡು. ಕಾರಿನ ಚಕ್ರದ ಗಾಳಿಗಿಂತಲೂ ಕಡಿಮೆ. ರೆಗ್ಯುಲೇಟರಿನ ಆಚೆಗೆ, ಸಿಲಿಂಡರಿನೊಳಗೆ, ಚದರ ಅಂಗುಲಕ್ಕೆ 800 ಪೌಂಡಿಗೂ ಮೇಲೆ. ನಮ್ಮ ಅಡಿಗೆ ಅನಿಲದ ಸಿಲಿಂಡರಿನ ಒತ್ತಡಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಇಂಥ ಸಿಲಿಂಡರು ಉರುಳಿಬಿದ್ದು ಕತ್ತಿನ ವಾಲ್ವ್ ಮುರಿದರೆ, ಹೊರನುಗ್ಗುವ ಅನಿಲ ಅದನ್ನು ಬಾಣದಂತೆ ಹಾರಿಸಬಲ್ಲದು. ನಿಲ್ಲಿಸಿದ ಸಿಲಿಂಡರನ್ನು ಸರಪಳಿಯಿಂದ ಬಿಗಿಯುವುದು, ಸಾಗಿಸುವಾಗ ರೆಗ್ಯುಲೇಟರನ್ನು ಕಳಚಿಡುವುದು ಇದಕ್ಕಾಗಿ.

ಅದನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು ಎಂಬುದಕ್ಕೆ ಬೇರೆ ಕಾರಣ. ಮಲಗಿಸಿದರೆ ಒಳಗಿನ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಬೆಂಕಿ ಆರಿಸುವ ಹಳೆಯ ಸಿಲಿಂಡರುಗಳಲ್ಲಿ ದ್ರವವನ್ನೇ ಮೇಲೆತ್ತುವ ಕೊಳವೆ ತಳದವರೆಗೆ ಇರುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಅದನ್ನು ತಂದು ಹಾಗೆಯೇ ಜೋಡಿಸುವುದು ಅಪಾಯ. ಎಷ್ಟು ಅನಿಲ ಉಳಿದಿದೆ ಎಂಬುದನ್ನು ಒತ್ತಡದ ಮುಳ್ಳು ಹೇಳಲಾರದು. ದ್ರವದ ಕೊನೆಯ ಹನಿ ಮುಗಿಯುವವರೆಗೂ ಅದು ಒಂದೇ ಅಂಕೆಯ ಸುತ್ತ ನಿಂತಿರುತ್ತದೆ. ತೂಗಿ ನೋಡಿ, ಸಿಲಿಂಡರಿನ ಮೇಲೆ ಕೊರೆದ ಖಾಲಿ ತೂಕವನ್ನು ಕಳೆಯುವುದೇ ಸರಿಯಾದ ದಾರಿ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಇಂಥ ಸಿಲಿಂಡರುಗಳನ್ನು ನೀರಿನ ಒತ್ತಡದಿಂದ ಪರೀಕ್ಷಿಸಿ ತಾರೀಖು ಕೊರೆಯುತ್ತಾರೆ. ವಾಲ್ವಿನ ಪಕ್ಕದಲ್ಲಿ ತೆಳು ಲೋಹದ ಬಿಲ್ಲೆಯೊಂದಿದೆ. ಒತ್ತಡ ಮಿತಿಮೀರಿದರೆ ಅದು ತಾನು ಹರಿದು ಸಿಲಿಂಡರನ್ನು ಉಳಿಸುತ್ತದೆ. ಅದನ್ನು ಮುಟ್ಟಬಾರದು, ಮುಚ್ಚಬಾರದು.

ಹಗೇವಿನ ಪಾಠ

ಆದರೆ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಪ್ರೀಸ್ಟ್ಲಿ ಕಂಡಂತೆ ಈ ಗಾಳಿ ಭಾರವಾದದ್ದು. ನಮ್ಮ ಬಿಜಾಪುರ, ಧಾರವಾಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೆಲದೊಳಗೆ ಜೋಳ ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕಾಳು ಉಸಿರಾಡಿ ಬಿಟ್ಟ ಇದೇ ಅನಿಲ ಅಲ್ಲಿ ತುಂಬಿರುತ್ತದೆ. ಹೊತ್ತು ಕಾದು, ಉರಿಯುವ ದೀಪವನ್ನು ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಿದ್ದರು. ಪಾಳುಬಾವಿಗೂ ಅದೇ ಕ್ರಮ. ಕ್ರಮ ಮರೆತಾಗ ಒಬ್ಬನ ಹಿಂದೆ ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬಿದ್ದದ್ದುಂಟು. 1986ರ ಆಗಸ್ಟಿನಲ್ಲಿ ಆಫ್ರಿಕದ ಕ್ಯಾಮರೂನಿನ ನ್ಯೋಸ್ ಸರೋವರದ ತಳದಿಂದ ಎದ್ದ ಇದೇ ಅನಿಲ ಕಣಿವೆಗಳಲ್ಲಿ ಹರಿದು, ಒಂದೇ ರಾತ್ರಿಯಲ್ಲಿ 1,700ಕ್ಕೂ ಹೆಚ್ಚು ಜನರನ್ನು ಕೊಂದಿತು.

ಮನೆಯ ಲೆಕ್ಕಕ್ಕೆ ಬರೋಣ. ಹವ್ಯಾಸಿಗಳು ಇಡುವ ಸಣ್ಣ ಸಿಲಿಂಡರಿನಲ್ಲಿ ಐದು ಪೌಂಡು, ಅಂದರೆ 2.27 ಕಿಲೋ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಅದು ಹೊರಬಂದು ಹರಡಿದರೆ ಸುಮಾರು 1,240 ಲೀಟರು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಕೋಣೆ ಹಿಡಿಯುವುದು 10,000 ಲೀಟರು ಗಾಳಿ. ಬಾಗಿಲು ಮುಚ್ಚಿದ ಅಂಥ ಕೋಣೆಯಲ್ಲಿ ಸಿಲಿಂಡರು ಪೂರ್ತಿ ಸೋರಿದರೆ ಕೋಣೆಯ ಗಾಳಿಯಲ್ಲಿ ಹತ್ತಕ್ಕೆ ಒಂದು ಪಾಲಿಗೂ ಹೆಚ್ಚು ಈ ಅನಿಲವೇ ಆಗುತ್ತದೆ. ನೆಲದ ಬಳಿ ಇನ್ನೂ ಹೆಚ್ಚು. ನೂರಕ್ಕೆ ನಾಲ್ಕು ಪಾಲಾದರೇ ಪ್ರಾಣಾಪಾಯದ ಮಟ್ಟವೆಂದು ಅಮೆರಿಕದ ಆರೋಗ್ಯ ತಜ್ಞರು ಗುರುತಿಸಿದ್ದಾರೆ. ಹತ್ತು ಪಾಲಿನಲ್ಲಿ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅಡಿಗೆ ಅನಿಲಕ್ಕೆ ವಾಸನೆ ಬೆರೆಸಿರುವುದರಿಂದ ಸೋರಿದರೆ ಮೂಗಿಗೆ ತಿಳಿಯುತ್ತದೆ. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ದೀಪವನ್ನು ನಂಬುವಂತೆಯೂ ಇಲ್ಲ. ದೀಪ ಆರುವ ಮೊದಲೇ ತಲೆನೋವು, ಏದುಸಿರು ಆರಂಭವಾಗಿರುತ್ತವೆ. ಆದ್ದರಿಂದ ಸಿಲಿಂಡರನ್ನು ನೆಲಮಾಳಿಗೆಯಲ್ಲಾಗಲಿ, ಕಿಟಕಿಯಿಲ್ಲದ ಉಗ್ರಾಣದಲ್ಲಾಗಲಿ, ಮಲಗುವ ಕೋಣೆಯಲ್ಲಾಗಲಿ ಇಡಬಾರದು. ಬೇರೆ ದಾರಿಯಿಲ್ಲದೆ ನೆಲಮಾಳಿಗೆಯಲ್ಲಿ ಇಡುವವರು ಈ ಅನಿಲವನ್ನು ಅಳೆದು ಕೂಗುವ ಯಂತ್ರವನ್ನು ತಗ್ಗಿನಲ್ಲಿ ಹಾಕಿಕೊಳ್ಳುತ್ತಾರೆ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು, ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವನ್ನೇ ಮುಚ್ಚುವುದು ಕಾಸು ಖರ್ಚಿಲ್ಲದ ಎಚ್ಚರಿಕೆಗಳು. ಸೋರಿದ ಕೋಣೆಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ಹಿಂದುಮುಂದು ನೋಡದೆ ಒಳನುಗ್ಗಬಾರದು; ಬಾಗಿಲು ಕಿಟಕಿಗಳನ್ನು ತೆರೆಯಿಸಿ, ಅಗ್ನಿಶಾಮಕ ದಳದವರನ್ನು ಕರೆಯಬೇಕು.

ಬಿಯರ್ ನಮ್ಮ ಬಹುಪಾಲು ಓದುಗರಿಗೆ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಮದ್ಯ ತಯಾರಿಕೆ ಆಯಾ ರಾಜ್ಯದ ಅಬಕಾರಿ ಕಾನೂನಿಗೆ ಒಳಪಟ್ಟ ವಿಷಯ. ಆದರೆ ಸಿಲಿಂಡರು ಎಲ್ಲರಿಗೂ ಸಂಬಂಧಿಸಿದ್ದು. ಅಡಿಗೆಮನೆಯಲ್ಲಿ ಅದಿದೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿದೆ, ಸೋಡಾ ಅಂಗಡಿಯಲ್ಲಿದೆ, ಜಾತ್ರೆಯಲ್ಲಿ ಬಲೂನು ಮಾರುವವನ ಗಾಡಿಯ ಮೇಲೂ ಇದೆ. ಒಂದೊಂದರ ಅನಿಲ ಬೇರೆ, ಅಪಾಯ ಬೇರೆ. ಆದರೂ ಯಾವುದೇ ಸಿಲಿಂಡರು ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ಒಳಗೆ ಇರುವುದೇನು, ಕೊನೆಯ ಪರೀಕ್ಷೆ ಆದದ್ದು ಯಾವಾಗ, ಸೋರಿದರೆ ಅನಿಲ ಹೋಗುವುದೆಲ್ಲಿಗೆ? ಈ ಪ್ರಶ್ನೆಗಳಿಗೆ ಉತ್ತರ ತಿಳಿಯುವವರೆಗೆ ವಾಲ್ವನ್ನು ತಿರುಗಿಸದಿರುವುದು ಮೇಲು. ಪ್ಯಾರಿಸ್ಸಿನ ಹೆರ್ವಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ನಮಗೆ ಹೇಳಿಕೊಡಲು ಅವನೂ ಅವನಂಥ ಅನೇಕರೂ ಇದ್ದಾರೆ.